ಚಿತ್ರ ಸಂಕೋಚನ

ಚಿತ್ರ ಸಂಕೋಚನ ಎಂದರೆ ಡಿಜಿಟಲ್ ಚಿತ್ರವೊಂದನ್ನು ಸಂಗ್ರಹಿಸಲು ಅಥವಾ ಅಂತರಜಾಲದ ಮೂಲಕ ಕಳುಹಿಸಲು ಬೇಕಾಗುವ ದತ್ತಾಂಶದ ಪ್ರಮಾಣವನ್ನು, ಚಿತ್ರದ ಗುಣಮಟ್ಟಕ್ಕೆ ಆದಷ್ಟೂ ಧಕ್ಕೆಯಾಗದಂತೆ ಕಡಿಮೆ ಮಾಡುವ ವಿಧಾನ. ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಮೂಲ ಚಿತ್ರವನ್ನು ಒಂದು ಚುಕ್ಕಿಯೂ ವ್ಯತ್ಯಾಸವಾಗದಂತೆ ಮರಳಿ ಪಡೆಯಲು ಅವಕಾಶವಿರುವುದು ನಷ್ಟರಹಿತ ಸಂಕೋಚನ. ಕಣ್ಣಿಗೆ ಸುಲಭವಾಗಿ ಗೋಚರಿಸದ ವಿವರಗಳನ್ನು ಶಾಶ್ವತವಾಗಿ ಕೈಬಿಟ್ಟು ಗಾತ್ರವನ್ನು ಇನ್ನಷ್ಟು ಇಳಿಸುವುದು ನಷ್ಟಸಹಿತ ಸಂಕೋಚನ. ಛಾಯಾಚಿತ್ರಗಳಿಗೆ ವ್ಯಾಪಕವಾಗಿ ಬಳಕೆಯಾಗುವ ಜೆಪೆಗ್ ಎರಡನೆಯ ಬಗೆಗೆ ಸೇರಿದ್ದು. ಅದಕ್ಕೆ ತಳಹದಿಯಾದ ಗಣಿತ ವಿಧಾನವನ್ನು ಮೊದಲು ಸೂಚಿಸಿದವರು ಬೆಂಗಳೂರಿನಲ್ಲಿ ಜನಿಸಿದ ವಿಜ್ಞಾನಿ ನಾಸಿರ್ ಅಹ್ಮದ್.

ಚಿತ್ರವು ಯಾವ ಕೆಲಸಕ್ಕೆ ಬೇಕಾಗಿದೆ ಎಂಬುದನ್ನು ಬಿಟ್ಟು 'ಗುಣಮಟ್ಟ ಉಳಿದಿದೆ' ಎಂಬ ಮಾತಿಗೆ ಅರ್ಥವಿಲ್ಲ. ಮದುವೆಯ ಛಾಯಾಚಿತ್ರದಲ್ಲಿ ಯಾರ ಗಮನಕ್ಕೂ ಬಾರದೆ ಹೋಗುವಷ್ಟು ನಷ್ಟವು, ಜಮೀನಿನ ಪಹಣಿಯ ಪ್ರತಿಯಲ್ಲಿ ಒಂದು ಅಂಕಿಯನ್ನೋ ತಾಳೆಗರಿಯ ಪ್ರತಿಯಲ್ಲಿ ಒಂದು ಅಕ್ಷರವನ್ನೋ ಓದಲಾಗದಂತೆ ಮಾಡಬಹುದು.

ಚಿತ್ರದ ಗಾತ್ರ

ಡಿಜಿಟಲ್ ಚಿತ್ರವು ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿದ ಪಿಕ್ಸೆಲ್ ಎಂಬ ಸಣ್ಣ ಚೌಕಗಳಿಂದಾದುದು. ಎಳೆ ಎಣಿಸಿ ಹಾಕುವ ಧಾರವಾಡದ ಕಸೂತಿಯಲ್ಲಿ ದೂರದಿಂದ ಗೋಪುರವೋ ತೇರೋ ಕಂಡರೂ ಹತ್ತಿರದಿಂದ ನೋಡಿದಾಗ ಬಿಡಿ ಬಿಡಿ ಹೊಲಿಗೆಗಳೇ ಕಾಣುತ್ತವೆ. ಪಿಕ್ಸೆಲ್‌ಗಳದ್ದೂ ಅದೇ ಬಗೆ. ಪ್ರತಿಯೊಂದು ಪಿಕ್ಸೆಲ್‌ನ ಬಣ್ಣವನ್ನು ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿಂದ ಸೂಚಿಸಲಾಗುತ್ತದೆ. ಒಂದೊಂದು ಸಂಖ್ಯೆಯೂ 0ರಿಂದ 255ರವರೆಗೆ ಇರುತ್ತದೆ ಮತ್ತು ಒಂದು ಬೈಟ್ ಜಾಗ ಪಡೆಯುತ್ತದೆ.

ಮೊಬೈಲ್ ಕ್ಯಾಮೆರಾದಿಂದ ತೆಗೆದ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಹೀಗಾಗಿ ಅದನ್ನು ಇದ್ದಂತೆಯೇ ಬರೆದಿಡಲು 3 ಕೋಟಿ 60 ಲಕ್ಷ ಬೈಟ್, ಅಂದರೆ ಸುಮಾರು 36 ಮೆಗಾಬೈಟ್ ಬೇಕು. ಆದರೆ ಮೊಬೈಲಿನಲ್ಲಿ ಅದೇ ಚಿತ್ರದ ಕಡತವು ಕೆಲವೇ ಮೆಗಾಬೈಟ್‌ಗಳಷ್ಟಿರುತ್ತದೆ. ಬಳಕೆದಾರರ ಕೈಗೆ ಬರುವ ಮೊದಲೇ ಚಿತ್ರವು ಒಮ್ಮೆ ಸಂಕೋಚನಗೊಂಡಿರುವುದೇ ಇದಕ್ಕೆ ಕಾರಣ.

'ಗಾತ್ರ' ಎಂಬ ಪದವನ್ನು ಮೂರು ಅರ್ಥಗಳಲ್ಲಿ ಬಳಸುವುದರಿಂದ ಸಾಕಷ್ಟು ಗೊಂದಲ ಉಂಟಾಗುತ್ತದೆ. ಮೊದಲನೆಯದು ಪಿಕ್ಸೆಲ್‌ಗಳ ಸಂಖ್ಯೆ, ಎರಡನೆಯದು ಕಡತವು ಆಕ್ರಮಿಸುವ ಬೈಟ್‌ಗಳ ಸಂಖ್ಯೆ, ಮೂರನೆಯದು ಕಾಗದದ ಮೇಲೆ ಮುದ್ರಿಸಿದಾಗಿನ ಅಳತೆ. ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ 6 ಅಂಗುಲಕ್ಕೆ 4 ಅಂಗುಲದ ಛಾಯಾಚಿತ್ರಕ್ಕೆ 1800 × 1200 ಪಿಕ್ಸೆಲ್ ಸಾಕು. ಡಿಪಿಐ ಎಂಬುದು ಮುದ್ರಣಕ್ಕಾಗಿ ಕಡತದೊಳಗೆ ಬರೆದಿಟ್ಟ ಒಂದು ಸೂಚನೆ ಮಾತ್ರ. ಪಿಕ್ಸೆಲ್‌ಗಳ ಸಂಖ್ಯೆಯನ್ನು ಬದಲಿಸದೆ ಆ ಸೂಚನೆಯನ್ನು 72ರಿಂದ 300ಕ್ಕೆ ತಿದ್ದಿದರೆ ಚಿತ್ರವು ಸ್ಪಷ್ಟವಾಗುವುದೂ ಇಲ್ಲ, ಕಡತವು ಹಿಗ್ಗುವುದೂ ಇಲ್ಲ.

ಪಿಕ್ಸೆಲ್‌ಗಳನ್ನು ಕಡಿಮೆ ಮಾಡುವುದು

ಕಡತವನ್ನು ಕುಗ್ಗಿಸುವ ಅತ್ಯಂತ ನೇರವಾದ ಮಾರ್ಗವೆಂದರೆ ಅಗತ್ಯಕ್ಕಿಂತ ಹೆಚ್ಚಾಗಿರುವ ಪಿಕ್ಸೆಲ್‌ಗಳನ್ನು ತೆಗೆದುಹಾಕುವುದು. ಚಿತ್ರದ ಅಗಲ ಮತ್ತು ಎತ್ತರ ಎರಡನ್ನೂ ಅರ್ಧಕ್ಕೆ ಇಳಿಸಿದರೆ ಪಿಕ್ಸೆಲ್‌ಗಳ ಸಂಖ್ಯೆ ಕಾಲು ಭಾಗಕ್ಕೆ ಇಳಿಯುತ್ತದೆ. 1920 × 1080 ಪಿಕ್ಸೆಲ್‌ನ ಗಣಕಯಂತ್ರದ ಪರದೆಯು ಸುಮಾರು 20 ಲಕ್ಷ ಪಿಕ್ಸೆಲ್‌ಗಳನ್ನಷ್ಟೇ ತೋರಿಸಬಲ್ಲುದು. ಪರದೆಯ ಮೇಲೆ ಪೂರ್ತಿಯಾಗಿ ನೋಡುವುದಕ್ಕಷ್ಟೇ ಬೇಕಾದ ಚಿತ್ರದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳನ್ನು ಉಳಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ.

ಆದರೆ ಈ ಇಳಿಕೆಯನ್ನು ಮಾಡುವ ರೀತಿ ಮುಖ್ಯ. ಒಂದು ಬಿಟ್ಟು ಒಂದು ಪಿಕ್ಸೆಲ್ಲನ್ನು ಎಸೆಯುವುದು ತೀರ ಒರಟಾದ ವಿಧಾನ. ಇಳಕಲ್ ಸೀರೆಯ ಸಣ್ಣ ಚೌಕಳಿ, ಮಂಗಳೂರು ಹಂಚಿನ ಮಾಡು, ಕಿಟಕಿಯ ಸರಳು ಮುಂತಾದ ಒತ್ತಾದ ಗೆರೆಗಳಿರುವ ಚಿತ್ರವನ್ನು ಹೀಗೆ ಕುಗ್ಗಿಸಿದರೆ, ಮೂಲದಲ್ಲಿ ಇಲ್ಲದೇ ಇದ್ದ ಅಲೆಯಲೆಯಾದ ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಇದನ್ನು ಮ್ವಾರೆ ಎನ್ನುತ್ತಾರೆ. ಉತ್ತಮ ತಂತ್ರಾಂಶಗಳು ಸುತ್ತಲಿನ ಪಿಕ್ಸೆಲ್‌ಗಳ ತೂಕದ ಸರಾಸರಿಯನ್ನು ತೆಗೆದು ಹೊಸ ಪಿಕ್ಸೆಲ್ಲನ್ನು ರಚಿಸುತ್ತವೆ. ಸರಾಸರಿಯಿಂದ ಚಿತ್ರವು ತುಸು ಮೃದುವಾಗುವುದರಿಂದ, ಕುಗ್ಗಿಸಿದ ನಂತರ ಅಂಚುಗಳನ್ನು ಸ್ವಲ್ಪ ಚುರುಕುಗೊಳಿಸುವ ರೂಢಿಯಿದೆ.

ಹೀಗೆ ಕಳೆದ ಪಿಕ್ಸೆಲ್‌ಗಳು ಮತ್ತೆ ದೊರೆಯುವುದಿಲ್ಲ. ಚಿಕ್ಕ ಚಿತ್ರವನ್ನು ಹಿಗ್ಗಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಳಕೆಗೆ ಬಂದಿವೆಯಾದರೂ ಅವು ತುಂಬುವ ವಿವರವು ಇತರ ಚಿತ್ರಗಳಿಂದ ಕಲಿತ ಊಹೆಯೇ ಹೊರತು ಆ ಚಿತ್ರದ ಸತ್ಯಾಂಶವಲ್ಲ. ಹಳೆಯ ಛಾಯಾಚಿತ್ರದಲ್ಲಿನ ಅಜ್ಜಿಯ ಮುಖವನ್ನು ಹೀಗೆ 'ಸ್ಪಷ್ಟ' ಮಾಡಿದಾಗ ಕಾಣುವುದು ಯಾರ ಮುಖವೆಂದು ಹೇಳುವುದು ಕಷ್ಟ.

ನಷ್ಟರಹಿತ ಸಂಕೋಚನ

ಚಿತ್ರದಲ್ಲಿ ಪುನರಾವರ್ತನೆಯಾಗುವ ಅಂಶಗಳನ್ನು ಚಿಕ್ಕದಾಗಿ ಬರೆದಿಡುವುದು ಈ ಬಗೆಯ ಮೂಲತತ್ತ್ವ. ಸತತವಾಗಿ 200 ಬಿಳಿ ಪಿಕ್ಸೆಲ್‌ಗಳಿದ್ದಲ್ಲಿ 'ಬಿಳಿ' ಎಂದು 200 ಸಲ ಬರೆಯುವ ಬದಲು '200 ಬಿಳಿ' ಎಂದು ಒಮ್ಮೆ ಬರೆದರೆ ಸಾಕು. ಹೆಚ್ಚು ಸಲ ಬರುವ ಬೆಲೆಗಳಿಗೆ ಚಿಕ್ಕ ಸಂಕೇತವನ್ನೂ ಅಪರೂಪದವುಗಳಿಗೆ ಉದ್ದನೆಯ ಸಂಕೇತವನ್ನೂ ಕೊಡುವುದು ಇನ್ನೊಂದು ಉಪಾಯ. ಇಂತಹ ಸಂಕೇತಗಳನ್ನು ಅತ್ಯಂತ ಮಿತವ್ಯಯದಿಂದ ರಚಿಸುವ ಕ್ರಮವನ್ನು ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದರು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಅವರು ವಿದ್ಯಾರ್ಥಿಯಾಗಿದ್ದಾಗ, ಅಧ್ಯಾಪಕ ರಾಬರ್ಟ್ ಫ್ಯಾನೋ ಅಂತಿಮ ಪರೀಕ್ಷೆಯ ಬದಲಿಗೆ ಪ್ರಬಂಧ ಬರೆಯಲು ಅವಕಾಶ ನೀಡಿದ್ದರು. ಫ್ಯಾನೋ ಅವರಿಗೇ ಪೂರ್ಣವಾಗಿ ಬಗೆಹರಿಯದಿದ್ದ ಸಮಸ್ಯೆಯನ್ನು ಶಿಷ್ಯನು ಆ ಪ್ರಬಂಧದಲ್ಲಿ ಬಿಡಿಸಿದ್ದನು. ಹಿಂದೆ ಬಂದ ಸಾಲನ್ನೇ ಮತ್ತೆ ಬರೆಯದೆ 'ಇಷ್ಟು ಹಿಂದೆ ಹೋಗಿ ಇಷ್ಟನ್ನು ನಕಲು ಮಾಡು' ಎಂದು ಸೂಚಿಸುವ ಕ್ರಮವನ್ನು ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್ 1977ರಲ್ಲಿ ಪ್ರಕಟಿಸಿದರು.

1987ರಲ್ಲಿ ಬಂದ ಜಿಫ್ ಸ್ವರೂಪವು ಒಂದು ಚಿತ್ರದಲ್ಲಿ 256 ಬಣ್ಣಗಳಿಗೆ ಮಾತ್ರ ಅವಕಾಶ ನೀಡುತ್ತಿತ್ತು. ಅದರಲ್ಲಿದ್ದ ಸಂಕೋಚನ ವಿಧಾನದ ಪೇಟೆಂಟ್ ವಿವಾದದಿಂದಾಗಿ, ಯಾರು ಬೇಕಾದರೂ ಮುಕ್ತವಾಗಿ ಬಳಸಬಹುದಾದ ಪಿಎನ್‌ಜಿ ಸ್ವರೂಪವು 1996ರಲ್ಲಿ ಸಿದ್ಧವಾಯಿತು. ಪಿಎನ್‌ಜಿಯು ಹಫ್‌ಮನ್ ಹಾಗೂ ಲೆಂಪೆಲ್–ಜಿವ್ ವಿಧಾನಗಳೆರಡನ್ನೂ ಬಳಸುತ್ತದೆ. ನಕ್ಷೆ, ರೇಖಾಚಿತ್ರ, ಲಾಂಛನ, ಪರದೆಯ ಚಿತ್ರ ಮುಂತಾಗಿ ಸಮತಟ್ಟಾದ ಬಣ್ಣಗಳೂ ಚೂಪಾದ ಅಂಚುಗಳೂ ಇರುವ ಚಿತ್ರಗಳಿಗೆ ಇದು ಬಹಳ ಸೂಕ್ತ. ಛಾಯಾಚಿತ್ರದಲ್ಲಿ ನೆರೆಯ ಪಿಕ್ಸೆಲ್‌ಗಳು ಒಂದರಂತೆ ಒಂದು ಇರುವುದು ಅಪರೂಪವಾದ್ದರಿಂದ ಅಲ್ಲಿ ಉಳಿತಾಯವು ಕಡಿಮೆ.

ಜೆಪೆಗ್ ಕೆಲಸ ಮಾಡುವ ಬಗೆ

ಜಾಯಿಂಟ್ ಫೋಟೋಗ್ರಾಫಿಕ್ ಎಕ್ಸ್‌ಪರ್ಟ್ಸ್ ಗ್ರೂಪ್ ಎಂಬ ತಜ್ಞರ ಸಮಿತಿಯು 1986ರಲ್ಲಿ ರಚನೆಯಾಯಿತು. ಅದು ರೂಪಿಸಿದ ಮಾನದಂಡವು 1992ರಲ್ಲಿ ಅಂಗೀಕಾರವಾಯಿತು. ಸಮಿತಿಯ ಹೆಸರಿನ ಮೊದಲಕ್ಷರಗಳೇ ಸ್ವರೂಪದ ಹೆಸರಾಗಿ ಉಳಿದವು.

ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಸೂಕ್ಷ್ಮವಾಗಿ ಗ್ರಹಿಸುವಷ್ಟು ಬಣ್ಣದ ಏರಿಳಿತವನ್ನು ಗ್ರಹಿಸುವುದಿಲ್ಲ. ಜೆಪೆಗ್ ಮೊದಲಿಗೆ ಈ ದೌರ್ಬಲ್ಯದ ಲಾಭ ಪಡೆಯುತ್ತದೆ. ಕೆಂಪು, ಹಸಿರು, ನೀಲಿಗಳ ಬದಲಿಗೆ ಪ್ರತಿ ಪಿಕ್ಸೆಲ್ಲನ್ನು ಹೊಳಪನ್ನು ಹೇಳುವ ಒಂದು ಸಂಖ್ಯೆ ಮತ್ತು ಬಣ್ಣವನ್ನು ಹೇಳುವ ಎರಡು ಸಂಖ್ಯೆಗಳಾಗಿ ಬದಲಾಯಿಸಲಾಗುತ್ತದೆ. ಹೊಳಪನ್ನು ಪ್ರತಿ ಪಿಕ್ಸೆಲ್‌ಗೂ ಉಳಿಸಿಕೊಂಡು, ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಹಂಚಲಾಗುತ್ತದೆ. ನಾಲ್ಕು ಪಿಕ್ಸೆಲ್‌ಗಳಿಗೆ 12 ಸಂಖ್ಯೆಗಳು ಬೇಕಾಗಿದ್ದಲ್ಲಿ 6 ಸಾಕಾಗುವುದರಿಂದ ದತ್ತಾಂಶವು ಇಲ್ಲಿಯೇ ಅರ್ಧಕ್ಕೆ ಇಳಿಯುತ್ತದೆ. ನೋಡುವವರಿಗೆ ಬಹುಮಟ್ಟಿಗೆ ಇದರ ಅರಿವೇ ಆಗುವುದಿಲ್ಲ.

ನಂತರ ಚಿತ್ರವನ್ನು ಅಗಲ ಎತ್ತರಗಳಲ್ಲಿ 8 ಪಿಕ್ಸೆಲ್‌ಗಳಿರುವ ಚೌಕಗಳಾಗಿ ವಿಭಜಿಸಿ, ಪ್ರತಿ ಚೌಕದ 64 ಸಂಖ್ಯೆಗಳ ಮೇಲೆ ಡಿಸ್ಕ್ರೀಟ್ ಕೊಸೈನ್ ಪರಿವರ್ತನೆ ಎಂಬ ಗಣಿತಕ್ರಿಯೆಯನ್ನು ನಡೆಸಲಾಗುತ್ತದೆ. ಇದರಿಂದಲೂ 64 ಸಂಖ್ಯೆಗಳೇ ದೊರೆಯುತ್ತವೆ. ಆದರೆ ಅವುಗಳ ಅರ್ಥ ಬೇರೆ. ಮೊದಲನೆಯದು ಇಡೀ ಚೌಕದ ಸರಾಸರಿ ಹೊಳಪನ್ನು ಸೂಚಿಸುತ್ತದೆ. ಮುಂದಿನವು ಚೌಕದೊಳಗೆ ನಿಧಾನವಾಗಿ ಆಗುವ ಬದಲಾವಣೆಗಳನ್ನು, ಕೊನೆಯ ಕಡೆಯವು ತೀರ ಒತ್ತೊತ್ತಾಗಿ ಆಗುವ ಬದಲಾವಣೆಗಳನ್ನು ಸೂಚಿಸುತ್ತವೆ. ಆಕಾಶ, ಗೋಡೆ, ಕೆನ್ನೆ ಮುಂತಾದ ಭಾಗಗಳಲ್ಲಿ ಮೊದಲ ಕೆಲವು ಸಂಖ್ಯೆಗಳನ್ನು ಬಿಟ್ಟರೆ ಉಳಿದವೆಲ್ಲವೂ ಸೊನ್ನೆಯ ಸಮೀಪದಲ್ಲಿರುತ್ತವೆ.

ನಿಜವಾದ ನಷ್ಟವು ಸಂಭವಿಸುವುದು ಇದರ ಮುಂದಿನ ಹಂತದಲ್ಲಿ. ಪ್ರತಿ ಸಂಖ್ಯೆಯನ್ನೂ ಒಂದು ನಿಗದಿತ ಭಾಜಕದಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಲಾಗುತ್ತದೆ. ಉದಾಹರಣೆಗೆ 37ನ್ನು 16ರಿಂದ ಭಾಗಿಸಿ 2 ಎಂದು ಬರೆದುಕೊಂಡರೆ, ಚಿತ್ರವನ್ನು ಮತ್ತೆ ತೆರೆಯುವಾಗ ದೊರೆಯುವುದು 32. ಒತ್ತಾದ ಬದಲಾವಣೆಗಳನ್ನು ಸೂಚಿಸುವ ಸಂಖ್ಯೆಗಳಿಗೆ ಭಾಜಕವು ದೊಡ್ಡದಾಗಿರುತ್ತದೆ. ಅಲ್ಲಿ 5ನ್ನು 40ರಿಂದ ಭಾಗಿಸಿದರೆ ಉಳಿಯುವುದು ಸೊನ್ನೆ. ಹೀಗೆ ಬಹುಪಾಲು ಸಂಖ್ಯೆಗಳು ಸೊನ್ನೆಯಾಗುತ್ತವೆ. ಕೊನೆಯಲ್ಲಿ ಅವುಗಳನ್ನು ಓರೆಯಾಗಿ ಅಂಕುಡೊಂಕಾದ ಕ್ರಮದಲ್ಲಿ ಓದಿ, ಸಾಲಾಗಿ ಬರುವ ಸೊನ್ನೆಗಳನ್ನು ಒಟ್ಟುಗೂಡಿಸಿ, ಹಫ್‌ಮನ್ ಸಂಕೇತಗಳಲ್ಲಿ ಬರೆದಿಡಲಾಗುತ್ತದೆ.

ತಂತ್ರಾಂಶಗಳಲ್ಲಿ ಕಾಣುವ 0ರಿಂದ 100ರವರೆಗಿನ 'ಗುಣಮಟ್ಟ'ದ ಸಂಖ್ಯೆಯು ಈ ಭಾಜಕಗಳನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಕೀಲಿ. ಅದು ಶೇಕಡಾವಾರು ಅಲ್ಲ. 80 ಎಂದರೆ ಚಿತ್ರದ ಶೇ. 80ರಷ್ಟು ಉಳಿದಿದೆ ಎಂದು ಅರ್ಥವಲ್ಲ. ಒಂದು ತಂತ್ರಾಂಶದ 80 ಮತ್ತೊಂದರ 80ಕ್ಕೆ ಸಮನಾಗಿರಬೇಕೆಂದೂ ಇಲ್ಲ. ಸಾಮಾನ್ಯ ಛಾಯಾಚಿತ್ರಗಳಲ್ಲಿ 100ರಿಂದ 85ರ ಆಸುಪಾಸಿಗೆ ಇಳಿಸಿದಾಗ ಕಡತವು ಬಹಳಷ್ಟು ಕುಗ್ಗುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದು ವಿರಳ. ತೀರ ಕೆಳಕ್ಕೆ ಹೋದಂತೆ ಉಳಿತಾಯವು ಕಡಿಮೆಯಾಗಿ ಹಾನಿಯು ಎದ್ದು ಕಾಣತೊಡಗುತ್ತದೆ.

ನಾಸಿರ್ ಅಹ್ಮದ್ ಅವರ ಕೊಡುಗೆ

1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ನಾಸಿರ್ ಅಹ್ಮದ್, ಈಗ ವಿಶ್ವವಿದ್ಯಾಲಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜು ಎಂದು ಹೆಸರಾಗಿರುವ ಸಂಸ್ಥೆಯಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಿ 1961ರಲ್ಲಿ ಪದವಿ ಪಡೆದರು. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಮುಗಿಸಿ, ಮುಂದೆ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿತ್ರದ ದತ್ತಾಂಶವನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆದರೆ ಕೆಲವೇ ಸಂಖ್ಯೆಗಳಲ್ಲಿ ಬಹುಪಾಲು ಮಾಹಿತಿ ಸೇರಿಕೊಳ್ಳುತ್ತದೆ ಎಂಬ ಆಲೋಚನೆಯನ್ನು ಬೆಳೆಸಲು ಅವರು 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯಕ್ಕಾಗಿ ಅರ್ಜಿ ಸಲ್ಲಿಸಿದರು. ಆಲೋಚನೆಯು ತೀರ ಸರಳವಾಗಿದೆ ಎಂಬ ಅಭಿಪ್ರಾಯದಿಂದಾಗಿ ಆ ಅರ್ಜಿಗೆ ಹಣ ಮಂಜೂರಾಗಲಿಲ್ಲವೆಂದು ಅವರು 1991ರಲ್ಲಿ ಬರೆದ ನೆನಪಿನ ಲೇಖನದಲ್ಲಿ ತಿಳಿಸಿದ್ದಾರೆ.

ಧನಸಹಾಯವಿಲ್ಲದೆಯೇ ಅವರು ಕೆಲಸವನ್ನು ಮುಂದುವರಿಸಿದರು. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಹಾಗೂ ಟೆಕ್ಸಸ್‌ನ ಪ್ರಾಧ್ಯಾಪಕ ಕೆ. ಆರ್. ರಾವ್ ಅವರೊಂದಿಗೆ ಬರೆದ ಪ್ರಬಂಧವು 1974ರ ಜನವರಿಯಲ್ಲಿ ಪ್ರಕಟವಾಯಿತು. ಕೆಲವೇ ಪುಟಗಳ ಈ ಪ್ರಬಂಧದ ವಿಧಾನವು ಜೆಪೆಗ್‌ಗೆ ಮಾತ್ರವಲ್ಲದೆ ಎಂಪೆಗ್ ಬಗೆಯ ಚಲನಚಿತ್ರ ಕಡತಗಳಿಗೂ ಆಧಾರವಾಯಿತು. ಎಂಪಿ3 ಧ್ವನಿಮುದ್ರಿಕೆಗಳಲ್ಲಿ ಬಳಕೆಯಾಗುವುದು ಇದರ ಮಾರ್ಪಟ್ಟ ರೂಪ. ಜಗತ್ತಿನಾದ್ಯಂತ ದಿನವೂ ಬಳಕೆಯಾಗುವ ಈ ವಿಧಾನದ ಹಿಂದಿರುವವರು ಬೆಂಗಳೂರಿನವರೆಂಬುದು ಕರ್ನಾಟಕದಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲದಿರುವುದು ಸೋಜಿಗ.

ನಷ್ಟದ ಗುರುತುಗಳು

ಅತಿಯಾಗಿ ಕುಗ್ಗಿಸಿದ ಜೆಪೆಗ್ ಚಿತ್ರದಲ್ಲಿ 8 ಪಿಕ್ಸೆಲ್‌ಗಳ ಚೌಕಗಳು ನೆಲಹಾಸಿನ ಕಲ್ಲುಗಳಂತೆ ಬೇರೆಬೇರೆಯಾಗಿ ಕಾಣುತ್ತವೆ. ಚೂಪಾದ ಅಂಚುಗಳ, ವಿಶೇಷವಾಗಿ ಅಕ್ಷರಗಳ ಸುತ್ತ ಮಸಿ ಒಸರಿದಂತೆ ಕಲೆಗಳು ಮೂಡುತ್ತವೆ. ಚಿತ್ರವನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದಾಗಲೆಲ್ಲ ಭಾಗಾಕಾರದ ನಷ್ಟವು ಮತ್ತೆ ಸಂಭವಿಸುತ್ತದೆ. ತೆರೆದು ನೋಡಿ ಮುಚ್ಚುವುದರಿಂದಾಗಲಿ ಕಡತವನ್ನು ನಕಲು ಮಾಡುವುದರಿಂದಾಗಲಿ ಏನೂ ಆಗುವುದಿಲ್ಲ. ವಾಟ್ಸ್‌ಆ್ಯಪ್‌ನಂತಹ ಸೇವೆಗಳು ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರವನ್ನು ತಾವೇ ಕುಗ್ಗಿಸುತ್ತವೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಮೂಲ ಕಡತವೇ ತಲುಪುತ್ತದೆ.

ಕನ್ನಡ ಬರಹಕ್ಕೆ ಈ ಹಾನಿಯು ಹೆಚ್ಚು ತಟ್ಟುತ್ತದೆ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವಿನ ಭೇದವು ಅಕ್ಷರದ ಕೆಳಭಾಗದ ಒಂದು ಸಣ್ಣ ಸೀಳು. ಪ ಮತ್ತು ಷ ನಡುವಿನದು ಒಳಗಿನ ಒಂದು ಚಿಕ್ಕ ಗೆರೆ. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಕಿರಿದಾಗಿರುತ್ತವೆ. ಹಳೆಯ ಪುಸ್ತಕದ ಪುಟವನ್ನು ಮಿತಿಮೀರಿ ಕುಗ್ಗಿಸಿದಾಗ ಮೊದಲು ಮಾಯವಾಗುವುದು ಇವೇ. ಕಣ್ಣಿಂದ ಓದುವವರು ಸಂದರ್ಭದಿಂದ ಊಹಿಸಿಕೊಂಡಾರು. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಓಸಿಆರ್ ತಂತ್ರಾಂಶಕ್ಕೆ ಅದು ಸುಲಭವಲ್ಲ.

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಬೆರಳಚ್ಚುಗಳ ಸಂಗ್ರಹವನ್ನು ಗಣಕೀಕರಿಸುವಾಗ ಇದೇ ತೊಡಕು ಎದುರಾಯಿತು. ಜೆಪೆಗ್‌ನ ಚೌಕಗಳು ಬೆರಳಿನ ಸೂಕ್ಷ್ಮ ಗೆರೆಗಳನ್ನು ಕೆಡಿಸುತ್ತಿದ್ದುದರಿಂದ, ಅದು 1990ರ ದಶಕದ ಆರಂಭದಲ್ಲಿ ವೇವ್‌ಲೆಟ್ ಎಂಬ ಗಣಿತವನ್ನು ಆಧರಿಸಿದ ಬೇರೊಂದು ಮಾನದಂಡವನ್ನು ಅಳವಡಿಸಿಕೊಂಡಿತು.

ದಾಖಲೆಗಳ ಪ್ರತಿಗಳು

ಮಸುಕಾದ ಅಂಕಿಯು ತಾನು ಮಸುಕಾಗಿದ್ದೇನೆಂದು ತೋರಿಸಿಕೊಳ್ಳುತ್ತದೆ. ಅದಕ್ಕಿಂತ ಅಪಾಯಕಾರಿಯಾದುದು ಸ್ಪಷ್ಟವಾಗಿ ಕಾಣುವ ತಪ್ಪು ಅಂಕಿ. 2013ರಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್ ಅವರು ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳಲ್ಲಿ ಸ್ಕ್ಯಾನ್ ಮಾಡಿದ ಕಟ್ಟಡದ ನಕ್ಷೆಯಲ್ಲಿ ಇಂತಹ ದೋಷವನ್ನು ಬೆಳಕಿಗೆ ತಂದರು. ಮೂಲ ನಕ್ಷೆಯಲ್ಲಿ ಬೇರೆಬೇರೆ ವಿಸ್ತೀರ್ಣವಿದ್ದ ಮೂರು ಕೋಣೆಗಳಿಗೂ ಪ್ರತಿಯಲ್ಲಿ 14.13 ಚದರ ಮೀಟರ್ ಎಂದೇ ಅಚ್ಚಾಗಿತ್ತು. ಬೇರೆ ದಾಖಲೆಗಳಲ್ಲಿ 6 ಇದ್ದಲ್ಲಿ 8 ಬಂದಿತ್ತು.

ಆ ಯಂತ್ರಗಳು ಬಳಸುತ್ತಿದ್ದ ಜೆಬಿಗ್2 ಎಂಬ ವಿಧಾನದಲ್ಲಿ ಪುಟದ ಮೇಲಿನ ಒಂದೇ ತೆರನಾದ ಗುರುತುಗಳನ್ನು ಹುಡುಕಿ, ಅವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು, ಉಳಿದೆಡೆ ಅದರ ನಕಲನ್ನೇ ಇರಿಸಲು ಅವಕಾಶವಿದೆ. ಚಿಕ್ಕ ಅಕ್ಷರಗಳಲ್ಲಿದ್ದ 6 ಮತ್ತು 8 ಒಂದೇ ಎಂದು ಯಂತ್ರವು ಭಾವಿಸಿತ್ತು. ಕಂಪನಿಯು ನಂತರ ತಂತ್ರಾಂಶದ ತಿದ್ದುಪಡಿಯನ್ನು ಬಿಡುಗಡೆ ಮಾಡಿತು. ಹಕ್ಕುಪತ್ರ, ಅಂಕಪಟ್ಟಿ, ಲೆಕ್ಕಪತ್ರ, ಔಷಧದ ಚೀಟಿ ಮುಂತಾದವನ್ನು ನಷ್ಟರಹಿತವಾಗಿ ಅಥವಾ ಬಹಳ ಕಡಿಮೆ ನಷ್ಟದಿಂದ ಉಳಿಸಿಕೊಳ್ಳಬೇಕೆನ್ನುವುದಕ್ಕೆ ಈ ಪ್ರಕರಣಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಗ್ರಂಥಾಲಯಗಳೂ ಪತ್ರಾಗಾರಗಳೂ ಸಾಮಾನ್ಯವಾಗಿ ಮೂಲ ಪ್ರತಿಯನ್ನು ಟಿಫ್‌ನಂತಹ ಸ್ವರೂಪದಲ್ಲಿ ಕಾಪಾಡಿಕೊಂಡು, ಓದುಗರಿಗೆ ಅದರಿಂದ ತಯಾರಿಸಿದ ಚಿಕ್ಕ ಪ್ರತಿಯನ್ನು ಒದಗಿಸುತ್ತವೆ.

ಆನ್‌ಲೈನ್ ಅರ್ಜಿಗಳಲ್ಲಿನ ಮಿತಿ

ಭಾರತದಲ್ಲಿ ವಿದ್ಯಾರ್ಥಿಗಳು ಮತ್ತು ಉದ್ಯೋಗಾಕಾಂಕ್ಷಿಗಳು ಈ ವಿಷಯವನ್ನು ಮೊದಲು ಎದುರಿಸುವುದು ಆನ್‌ಲೈನ್ ಅರ್ಜಿ ತುಂಬುವಾಗ. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್ ಸಂಸ್ಥೆಯ ಅರ್ಜಿಗಳಲ್ಲಿ ಭಾವಚಿತ್ರವು 200 × 230 ಪಿಕ್ಸೆಲ್ ಅಳತೆಯಲ್ಲಿ 20ರಿಂದ 50 ಕಿಲೋಬೈಟ್, ಸಹಿಯು 140 × 60 ಪಿಕ್ಸೆಲ್ ಅಳತೆಯಲ್ಲಿ 10ರಿಂದ 20 ಕಿಲೋಬೈಟ್ ಇರಬೇಕೆಂದು ಸೂಚಿಸಲಾಗುತ್ತದೆ. ಬೇರೆ ಸಂಸ್ಥೆಗಳ ಮಿತಿಗಳು ಬೇರೆಯಾಗಿರುವುದರಿಂದ ಆಯಾ ಅಧಿಸೂಚನೆಯನ್ನೇ ನೋಡುವುದು ಅಗತ್ಯ.

ಇಲ್ಲಿ ಒಂದು ಸರಳ ಲೆಕ್ಕವು ಸಹಾಯಕ್ಕೆ ಬರುತ್ತದೆ. 200 × 230 ಪಿಕ್ಸೆಲ್‌ನ ಚಿತ್ರದಲ್ಲಿ 46,000 ಪಿಕ್ಸೆಲ್‌ಗಳಿದ್ದು, ಸಂಕೋಚನಕ್ಕೆ ಮೊದಲು ಅದರ ದತ್ತಾಂಶ 1,38,000 ಬೈಟ್. ಇದನ್ನು 20ರಿಂದ 50 ಕಿಲೋಬೈಟ್‌ಗೆ ಇಳಿಸಲು ಸುಮಾರು 3ರಿಂದ 7 ಪಟ್ಟು ಕುಗ್ಗಿಸಿದರೆ ಸಾಕು. ಇಷ್ಟರಿಂದ ಮುಖಕ್ಕೆ ಯಾವ ಹಾನಿಯೂ ಆಗದು. ಆದರೆ 4000 × 3000 ಪಿಕ್ಸೆಲ್‌ಗಳನ್ನು ಹಾಗೆಯೇ ಇಟ್ಟುಕೊಂಡು 'ಗುಣಮಟ್ಟ'ದ ಕೀಲಿಯೊಂದರಿಂದಲೇ 50 ಕಿಲೋಬೈಟ್ ತಲುಪಬೇಕಾದರೆ ಸುಮಾರು 700 ಪಟ್ಟು ಕುಗ್ಗಿಸಬೇಕಾಗುತ್ತದೆ. ಗುರುತೇ ಸಿಗದಂತೆ ಕೆಟ್ಟ ಭಾವಚಿತ್ರಗಳು ಅನೇಕ ವೇಳೆ ಹೀಗೆ ಉಂಟಾದವು. ಆದ್ದರಿಂದ ಮೊದಲು ಅನಗತ್ಯ ಹಿನ್ನೆಲೆಯನ್ನು ಕತ್ತರಿಸಿ, ನಂತರ ಪಿಕ್ಸೆಲ್ ಅಳತೆಯನ್ನು ಇಳಿಸಿ, ಕೊನೆಯಲ್ಲಿ ಮಾತ್ರ ಗುಣಮಟ್ಟದ ಸಂಖ್ಯೆಯನ್ನು ಹೊಂದಿಸುವುದು ಸರಿಯಾದ ಕ್ರಮ. ಕಡತವು ಕನಿಷ್ಠ ಮಿತಿಗಿಂತ ಚಿಕ್ಕದಾದರೆ ಅದೇ ಸಂಖ್ಯೆಯನ್ನು ಏರಿಸಿ ಮತ್ತೆ ಉಳಿಸಬೇಕು. ಪ್ರತಿ ಸಲವೂ ಮೂಲ ಚಿತ್ರದಿಂದಲೇ ಆರಂಭಿಸಬೇಕೇ ಹೊರತು ಹಿಂದಿನ ಪ್ರಯತ್ನದಲ್ಲಿ ಕುಗ್ಗಿದ ಚಿತ್ರದಿಂದಲ್ಲ.

ಈ ಕೆಲಸಕ್ಕೆ ಜಿಂಪ್, ಇಮೇಜ್‌ಮ್ಯಾಜಿಕ್ ಮುಂತಾದ ಮುಕ್ತ ತಂತ್ರಾಂಶಗಳಿವೆ. ಭಾವಚಿತ್ರ, ಸಹಿ, ಆಧಾರ್ ಪ್ರತಿ ಇವುಗಳನ್ನು ಅಪರಿಚಿತ ಜಾಲತಾಣಗಳಿಗೆ ಏರಿಸಿ ಕುಗ್ಗಿಸಿಕೊಳ್ಳುವುದಕ್ಕಿಂತ ಸ್ವಂತ ಗಣಕಯಂತ್ರದಲ್ಲಿಯೇ ಮಾಡಿಕೊಳ್ಳುವುದು ಸುರಕ್ಷಿತ. ಚಿತ್ರದ ಕಡತದಲ್ಲಿ ಕ್ಯಾಮೆರಾದ ಹೆಸರು, ದಿನಾಂಕ, ಕೆಲವೊಮ್ಮೆ ಚಿತ್ರ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳೂ ಅಡಗಿರುತ್ತವೆ. ಇವನ್ನು ತೆಗೆದುಹಾಕಿದರೆ ಚಿತ್ರಕ್ಕೆ ಧಕ್ಕೆಯಾಗದೆ ಕೆಲವು ಕಿಲೋಬೈಟ್‌ಗಳು ಉಳಿಯುತ್ತವೆ, ಖಾಸಗಿತನವೂ ಉಳಿಯುತ್ತದೆ.

ಹೊಸ ಸ್ವರೂಪಗಳು

ಗೂಗಲ್ 2010ರಲ್ಲಿ ವೆಬ್‌ಪಿ ಸ್ವರೂಪವನ್ನು ಪ್ರಕಟಿಸಿತು. ಆಪಲ್ 2017ರಿಂದ ತನ್ನ ಮೊಬೈಲುಗಳಲ್ಲಿ ಎಚ್‌ಇಐಸಿಯನ್ನು ಬಳಸತೊಡಗಿತು. 2019ರಲ್ಲಿ ಎವಿಐಎಫ್ ಬಂದಿತು. ಇವು ಮೂರೂ ಚಲನಚಿತ್ರಗಳಿಗಾಗಿ ಬೆಳೆದ ಸಂಕೋಚನ ವಿಧಾನಗಳಿಂದ ಹುಟ್ಟಿದವು. ಸಾಮಾನ್ಯವಾಗಿ ಅದೇ ಗುಣಮಟ್ಟದ ಜೆಪೆಗ್‌ಗಿಂತ ಚಿಕ್ಕ ಕಡತಗಳನ್ನು ನೀಡುತ್ತವೆ. ಜೆಪೆಗ್ ಎಕ್ಸ್‌ಎಲ್ ಎಂಬ ಇನ್ನೊಂದು ಸ್ವರೂಪವು ಈಗಾಗಲೇ ಇರುವ ಜೆಪೆಗ್ ಕಡತವನ್ನು ಮತ್ತಷ್ಟು ನಷ್ಟವಿಲ್ಲದೆ ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗಿಸಬಲ್ಲುದು, ಬೇಕಾದಾಗ ಮೂಲ ಜೆಪೆಗ್ಅನ್ನು ಹಾಗೆಯೇ ಮರಳಿ ಕೊಡಬಲ್ಲುದು. ಆದರೂ ಎಲ್ಲ ಸಾಧನಗಳಲ್ಲಿಯೂ ತೆರೆದುಕೊಳ್ಳುತ್ತದೆ ಎಂಬ ಕಾರಣಕ್ಕೆ ಅರ್ಜಿಗಳಲ್ಲಿ ಸಾಮಾನ್ಯವಾಗಿ ಜೆಪೆಗ್ಅನ್ನೇ ಕೇಳಲಾಗುತ್ತದೆ. ಎಚ್‌ಇಐಸಿ ಚಿತ್ರದ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದು ಬದಲಿಸಿದ ಮಾತ್ರಕ್ಕೆ ಅದು ಜೆಪೆಗ್ ಆಗುವುದಿಲ್ಲ. ತಂತ್ರಾಂಶದಲ್ಲಿ ತೆರೆದು ಆ ಸ್ವರೂಪದಲ್ಲಿ ಮತ್ತೆ ಉಳಿಸಬೇಕಾಗುತ್ತದೆ.